ನಿಲ್ಲದ ಅಪಸ್ಮಾರ: ತೀವ್ರ ನಿಗಾ ಚಿಕಿತ್ಸೆಯ ಇತಿಹಾಸ

ಸೆಳೆತ ನಿಲ್ಲದೆ ಮುಂದುವರಿಯುವ, ಇಲ್ಲವೇ ಒಂದು ಸೆಳೆತ ಅಡಗುವ ಮುನ್ನವೇ ಇನ್ನೊಂದು ಬಂದು, ನಡುವೆ ರೋಗಿಗೆ ಪ್ರಜ್ಞೆ ಮರಳದಿರುವ ಸ್ಥಿತಿಯನ್ನು ವೈದ್ಯರು ಸ್ಟೇಟಸ್ ಎಪಿಲೆಪ್ಟಿಕಸ್ ಎನ್ನುತ್ತಾರೆ. ಬ್ಯಾಬಿಲೋನಿಯದ ಮಣ್ಣಿನ ಫಲಕಗಳಲ್ಲೇ ಇದರ ಉಲ್ಲೇಖವಿದೆ. 1824ರಲ್ಲಿ ಪ್ಯಾರಿಸ್‌ನ ಲೂಯಿ ಕಾಲ್ಮೇ ಇದನ್ನು ಪ್ರತ್ಯೇಕವಾಗಿ ವಿವರಿಸಿದರು. ಬ್ರೋಮೈಡ್, ಫಿನೋಬಾರ್ಬಿಟಾಲ್ (1912), ಫೆನಿಟಾಯಿನ್ (1938) ಒಂದೊಂದಾಗಿ ಬಂದವು. ಆದರೆ ಸೆಳೆತ ನಿಲ್ಲುವಷ್ಟು ಮದ್ದು ಕೊಟ್ಟರೆ ಉಸಿರೂ ನಿಲ್ಲಬಹುದೆಂಬ ಭಯವಿತ್ತು.

ದಾರಿ ತೆರೆದದ್ದು ಪೋಲಿಯೊ. 1952ರ ಕೋಪನ್‌ಹೇಗನ್ ಪಿಡುಗಿನಲ್ಲಿ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ವಿದ್ಯಾರ್ಥಿಗಳು ಹಗಲಿರುಳು ಕೈಯಿಂದ ಚೀಲ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ತೀವ್ರ ನಿಗಾ ಘಟಕ ಹುಟ್ಟಿದ್ದು ಅಲ್ಲಿಂದ. ಉಸಿರಾಟದ ಹೊಣೆಯನ್ನು ವೆಂಟಿಲೇಟರ್ ಹೊತ್ತಮೇಲೆ ಥಯೋಪೆಂಟಾಲ್‌ನಂಥ ಅರಿವಳಿಕೆಯನ್ನು ದಿನಗಟ್ಟಲೆ ಕೊಡುವುದು ಸಾಧ್ಯವಾಯಿತು. 1965ರಲ್ಲಿ ಮಾರ್ಸೇಯ ಆನ್ರಿ ಗಾಸ್ಟೋ ತಂಡ ರಕ್ತನಾಳಕ್ಕೆ ಡಯಾಜೆಪಾಮ್ ಕೊಟ್ಟು ಸೆಳೆತ ತಡೆದದ್ದನ್ನು ವರದಿ ಮಾಡಿತು.

ಈ ಚರಿತ್ರೆಯ ನಿಜವಾದ ತಿರುವು ಮಾತ್ರ 1973ರದು. ಬ್ರಿಟನ್ನಿನ ಬ್ರಯನ್ ಮೆಲ್ಡ್ರಂ ಮತ್ತು ಸಂಗಡಿಗರು ಬಬೂನ್‌ಗಳಲ್ಲಿ ದೀರ್ಘ ಸೆಳೆತ ಉಂಟುಮಾಡಿ, ಸ್ನಾಯುಗಳನ್ನು ಮದ್ದಿನಿಂದ ನಿಶ್ಚಲಗೊಳಿಸಿ, ಯಂತ್ರದಿಂದ ಉಸಿರಾಡಿಸಿದರು. ಹಾನಿ ತಗ್ಗಿತಾದರೂ ತಪ್ಪಲಿಲ್ಲ. ಮಿದುಳಿನ ಹಿಪೊಕ್ಯಾಂಪಸ್ ಭಾಗದ ನರಕೋಶಗಳು ಸತ್ತವು. ಮೈ ಅಲುಗದಿದ್ದರೂ ಮಿದುಳಿನ ವಿದ್ಯುತ್ ಬಿರುಗಾಳಿಯೇ ಕೊಲ್ಲಬಲ್ಲದು ಎಂಬುದು ಖಚಿತವಾಯಿತು. ಹಾಸಿಗೆಯ ಪಕ್ಕದಲ್ಲಿ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿಯನ್ನು ಬಿಡದೆ ಓಡಿಸುವುದು ಇಂದು ಅನಿವಾರ್ಯವಾಗಿರುವುದು ಇದರಿಂದಲೇ.

ಮದ್ದು ಏಕೆ ಸೋಲುತ್ತದೆ? ಸೆಳೆತ ಮುಂದುವರಿದಷ್ಟೂ ಮಿದುಳನ್ನು ಶಾಂತಗೊಳಿಸುವ ಗಾಬಾ ಗ್ರಾಹಿಗಳು ಕೋಶದೊಳಕ್ಕೆ ಸರಿಯುತ್ತವೆ, ಕೆರಳಿಸುವ ಎನ್‌ಎಂಡಿಎ ಗ್ರಾಹಿಗಳು ಮೇಲ್ಮೈಯಲ್ಲಿ ಹೆಚ್ಚುತ್ತವೆ. ಡಯಾಜೆಪಾಮ್ ವರ್ಗದ ಮದ್ದುಗಳ ಪ್ರಭಾವ ಬಹುಬೇಗ ಕುಗ್ಗುವುದನ್ನು 1997ರಲ್ಲಿ ಜೈದೀಪ್ ಕಪೂರ್ ಮತ್ತು ರಾಬರ್ಟ್ ಮ್ಯಾಕ್‌ಡೊನಾಲ್ಡ್ ಇಲಿಗಳಲ್ಲಿ ತೋರಿಸಿದರು. ತಡಮಾಡಿದ್ದೇ ರೋಗವನ್ನು ಮೊಂಡಾಗಿಸುತ್ತದೆ. ಸೆಳೆತ ಎಷ್ಟು ಹೊತ್ತು ನಡೆದರೆ ಸ್ಟೇಟಸ್ ಎಪಿಲೆಪ್ಟಿಕಸ್ ಎನ್ನಬೇಕು ಎಂಬುದಕ್ಕೆ ಹಿಂದೆ ಅರ್ಧ ಗಂಟೆ ಎಂದಿದ್ದ ಗಡಿಯನ್ನು ಐದು ನಿಮಿಷಕ್ಕೆ ಇಳಿಸಬೇಕೆಂದು 1999ರಲ್ಲಿ ಸಲಹೆ ಬಂತು. 2015ರಲ್ಲಿ ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಸಂಘ ಐದು ನಿಮಿಷವನ್ನೇ ಚಿಕಿತ್ಸೆ ಆರಂಭಿಸುವ ಗಡಿಯಾಗಿ ಒಪ್ಪಿತು.

ಮೊದಲು ಕೊಡುವ ಡಯಾಜೆಪಾಮ್ ವರ್ಗದ ಮದ್ದಿಗೆ ಬಗ್ಗದವರಲ್ಲಿ ಲೆವೆಟಿರಾಸೆಟಮ್, ಫಾಸ್ಫೆನಿಟಾಯಿನ್, ವಾಲ್ಪ್ರೊಯೇಟ್ ಮೂರೂ ಒಂದೇ ಮಟ್ಟದವು, ಪ್ರತಿಯೊಂದೂ ಫಲಿಸುವುದು ಅರ್ಧದಷ್ಟು ಜನರಿಗೆ ಎಂದು 2019ರ ಅಮೆರಿಕದ ಪ್ರಯೋಗ ತಿಳಿಸಿತು. ಅದರ ಮುಂದಾಳುಗಳಲ್ಲಿ ಕಪೂರ್ ಕೂಡ ಒಬ್ಬರು. ಉಳಿದವರಿಗೆ ಮಿಡಜೋಲಾಮ್, ಪ್ರೊಪೊಫಾಲ್ ಅಥವಾ ಥಯೋಪೆಂಟಾಲ್ ಅರಿವಳಿಕೆ. ಸಾಮಾನ್ಯವಾಗಿ 24ರಿಂದ 48 ಗಂಟೆ ಮಿದುಳನ್ನು ತಣಿಸಿ, ಆಮೇಲೆ ಮೆಲ್ಲನೆ ಮದ್ದು ಇಳಿಸುತ್ತಾರೆ. ಅಷ್ಟಾದರೂ ಸೆಳೆತ ಉಳಿದರೆ ಅಥವಾ ಮರುಕಳಿಸಿದರೆ ಅದು ‘ಸೂಪರ್ ರಿಫ್ರ್ಯಾಕ್ಟರಿ’. 2011ರಲ್ಲಿ ಸೈಮನ್ ಶೋರ್ವನ್ ಮತ್ತಿತರರು ಈ ಹೆಸರನ್ನು ರೂಢಿಗೆ ತಂದರು. ಕೆಟಮಿನ್ ಅರಿವಳಿಕೆ, ಕೊಬ್ಬು ಹೆಚ್ಚಿರುವ ಕೀಟೋಜೆನಿಕ್ ಆಹಾರ ಇವುಗಳ ಸರದಿ ಇಲ್ಲಿ. ಅತಿ ಕಷ್ಟದ ಈ ಹಂತಕ್ಕೇ ಪ್ರಯೋಗಗಳ ಆಧಾರ ಅತಿ ಕಡಿಮೆ ಇರುವುದು ದೊಡ್ಡ ಕೊರತೆ.

ಆದರೂ ಕೈಚೆಲ್ಲುವ ಅವಸರ ಸಲ್ಲದು. 2007ರಲ್ಲಿ ಜೋಸೆಪ್ ಡಾಲ್ಮಾವ್ ತಂಡ ಎನ್‌ಎಂಡಿಎ ಗ್ರಾಹಿಗಳ ಮೇಲೆ ದೇಹವೇ ಪ್ರತಿಕಾಯಗಳಿಂದ ದಾಳಿ ನಡೆಸುವ, ಇಂಥ ಮೊಂಡು ಸೆಳೆತಕ್ಕೂ ಕಾರಣವಾಗಬಲ್ಲ ಮಿದುಳಿನ ಉರಿಯೂತವನ್ನು ಗುರುತಿಸಿತು. ಈ ಕಾಯಿಲೆಯ ಯುವತಿಯರಲ್ಲಿ ಅಂಡಾಶಯದ ಗೆಡ್ಡೆಯಿದ್ದರೆ ಅದನ್ನು ತೆಗೆದು, ಪ್ರತಿರೋಧ ಶಕ್ತಿಯನ್ನು ಹತ್ತಿಕ್ಕುವ ಚಿಕಿತ್ಸೆ ಕೊಟ್ಟಾಗ, ವಾರಗಟ್ಟಲೆ ವೆಂಟಿಲೇಟರಿನಲ್ಲಿದ್ದವರೂ ಚೇತರಿಸಿಕೊಂಡು ಮನೆಗೆ ಮರಳಿದ್ದಾರೆ.