ಲೆ ಮಾನ್ ಗೆದ್ದ ಡಾಕ್ಟರು

ಪ್ರತಿ ವರ್ಷ ದೀಪಾವಳಿ ಸಂಚಿಕೆಗೆ ಸಂಪಾದಕರು ನನ್ನಿಂದ ಒಂದು ಲೇಖನ ಕೇಳುತ್ತಾರೆ. ನಾನು ಬಿ.ಪಿ. ಬಗ್ಗೆಯೋ ಡಯಾಬಿಟಿಸ್ ಬಗ್ಗೆಯೋ ಬರೆದುಕೊಡುತ್ತೇನೆ. ಓದಿದವರೆಲ್ಲ "ತುಂಬಾ ಉಪಯುಕ್ತವಾಗಿದೆ ಡಾಕ್ಟ್ರೇ" ಎಂದು ಹೊಗಳಿ, ಅದೇ ದಿನ ಕೂಟದ ಊಟದಲ್ಲಿ ಮೂರನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ. ಆದ್ದರಿಂದ ಈ ಸಲ ಆರೋಗ್ಯಕ್ಕೆ ರಜೆ ಕೊಟ್ಟು, ಒಂದು ಹಳೆಯ ಕಾರಿನ ಕಥೆ ಬರೆಯುತ್ತೇನೆ ಎಂದು ಮೊದಲೇ ಅನುಮತಿ ತೆಗೆದುಕೊಂಡಿದ್ದೇನೆ.

ನಮ್ಮ ಯಜಮಾನರಿಗೆ ಹಳೆಯ ಕಾರುಗಳ ಹುಚ್ಚು. ಬೇಸಿಗೆ ಬಂತೆಂದರೆ ಎಲ್ಲಿ ಹಳೆ ಕಾರುಗಳ ಪ್ರದರ್ಶನವಿದ್ದರೂ ನಮ್ಮ ಭಾನುವಾರ ಅಲ್ಲೇ. ನಾನು ಸಾಮಾನ್ಯವಾಗಿ ಒಂದು ಪುಸ್ತಕ, ಒಂದು ಡಬ್ಬ ಚಿತ್ರಾನ್ನ ಹಿಡಿದು ಮರದ ನೆರಳು ಹುಡುಕುತ್ತೇನೆ. ಹೋದ ವರ್ಷ ನಾನು ಹುಡುಕಿದ ನೆರಳಿನಲ್ಲೇ ಒಂದು ದೊಡ್ಡ ಹಸಿರು ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ಚರ್ಮದ ಪಟ್ಟಿ, ತಟ್ಟೆಯಷ್ಟು ಅಗಲದ ದೀಪಗಳು. 1920ರ ದಶಕದ ಬೆಂಟ್ಲಿ. ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿ ಕೂತಿದ್ದ ವಯಸ್ಸಾದ ಮಾಲೀಕರು, ನಾನು ಡಾಕ್ಟರು ಎಂದು ತಿಳಿದಕೂಡಲೇ, "ಹಾಗಾದರೆ ನಿಮಗೆ ಬೆಂಜಾಫೀಲ್ಡ್ ಗೊತ್ತಿರಬೇಕು" ಎಂದರು. ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡೆ.

ಜೋಸೆಫ್ ಡಡ್ಲಿ ಬೆಂಜಾಫೀಲ್ಡ್ ಹುಟ್ಟಿದ್ದು 1887ರಲ್ಲಿ, ಲಂಡನ್ನಿನಲ್ಲಿ. ಎಂ.ಡಿ. ಮಾಡಿದ್ದು ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಿಂದ. ಬ್ಯಾಕ್ಟೀರಿಯಾಲಜಿ ಅವರ ವಿಷಯ. ಮೊದಲ ಮಹಾಯುದ್ಧದಲ್ಲಿ ಅವರನ್ನು ಈಜಿಪ್ಟಿಗೆ ಕಳಿಸಿದರು. 1918ರ ಇನ್‌ಫ್ಲುಯೆಂಜಾ ಮಾರಿ ಜನರಲ್ ಅಲೆನ್‌ಬಿಯ ಸೈನ್ಯದೊಳಗೆ ಹೊಕ್ಕಾಗ ಅವರು ಅಲ್ಲಿದ್ದರು. ಆ ಅನುಭವವನ್ನು 1919ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅಂದಿನ ಹೆಚ್ಚಿನ ವೈದ್ಯರ ನಂಬಿಕೆ ಆ ಜ್ವರಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಎಂದು. ಅದು ವೈರಸ್ ಎಂದು ಖಚಿತವಾದದ್ದು 1933ರಲ್ಲಿ. ಅಂದರೆ ಮೈಕ್ರೋಸ್ಕೋಪಿಗೆ ಕಾಣದ ಶತ್ರುವನ್ನು ಮೈಕ್ರೋಸ್ಕೋಪಿನಲ್ಲಿ ಹುಡುಕುತ್ತ ಕೂತ ಪೀಳಿಗೆ ಅದು. ನಗುವ ಹಾಗಿಲ್ಲ. ನಾವು ಇಂದು ಬರೆಯುತ್ತಿರುವ ಪ್ರಿಸ್ಕ್ರಿಪ್ಷನ್‌ಗಳಲ್ಲಿ ಎಷ್ಟಕ್ಕೆ ನಮ್ಮ ಮೊಮ್ಮಕ್ಕಳು ನಗುತ್ತಾರೋ!

ಇಲ್ಲಿ ಒಂದು ಮಾತು ನಮ್ಮವರ ಬಗ್ಗೆ. ಅದೇ ಸೈನ್ಯದಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ, ಭರ್ಜಿ ಹಿಡಿದು ಕುದುರೆ ಮೇಲೆ ಹೈಫಾ ಊರನ್ನು ಗೆದ್ದವರು ಅವರೇ. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು. ಹೈಫಾ ಆದ ಕೆಲವೇ ವಾರಗಳಲ್ಲಿ ಆ ಸೈನ್ಯದ ಕುದುರೆ ದಳಗಳನ್ನು ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಹಾಸಿಗೆಗೆ ಕೆಡವಿದವು. ಬೆಂಜಾಫೀಲ್ಡರು ನಮ್ಮ ಸವಾರರಲ್ಲಿ ಯಾರ ನಾಡಿಯನ್ನಾದರೂ ಹಿಡಿದು ನೋಡಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಮನುಷ್ಯ ನನಗೆ ಸ್ವಲ್ಪ ಹತ್ತಿರದವರಂತೆ ಅನ್ನಿಸತೊಡಗಿದ್ದು ಇದನ್ನು ತಿಳಿದ ಮೇಲೆಯೇ.

ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಪ್ರಾಕ್ಟೀಸು. ಒಂದು ಬೆಂಟ್ಲಿ ಕೊಂಡರು. ಆ ಕಂಪನಿಯನ್ನು ಡಬ್ಲ್ಯು.ಓ. ಬೆಂಟ್ಲಿ 1919ರಲ್ಲಿ ಶುರು ಮಾಡಿದ್ದರು. ಮೂರು ಲೀಟರ್ ಇಂಜಿನ್ನು, ನಾಲ್ಕು ಸಿಲಿಂಡರು, ಒಂದೊಂದಕ್ಕೆ ನಾಲ್ಕು ವಾಲ್ವು. ಗಿರಾಕಿಯಾಗಿ ಹೋದ ಡಾಕ್ಟರು ಕಂಪನಿಯ ರೇಸ್ ಡ್ರೈವರಾಗಿಬಿಟ್ಟರು. ತಲೆ ಬೋಳಾಗಿದ್ದ, ಮೈ ತುಂಬಿಕೊಂಡಿದ್ದ ಈ ವೈದ್ಯರನ್ನು ಗೆಳೆಯರು ಕರೆಯುತ್ತಿದ್ದದ್ದು "ಬೆಂಜಿ" ಎಂದು.

ಈಗ ಲೆ ಮಾನ್. ಬರೆಯುವಾಗ ಕೊನೆಗೊಂದು 'ಎಸ್' ಇದೆ, ಫ್ರೆಂಚರು ಅದನ್ನು ಉಚ್ಚರಿಸುವುದಿಲ್ಲ. ಪ್ಯಾರಿಸ್ಸಿನ ನೈಋತ್ಯಕ್ಕಿರುವ ಆ ಊರಿನ ಸುತ್ತಲಿನ ಸಾಮಾನ್ಯ ರಸ್ತೆಗಳಲ್ಲೇ 1923ರಿಂದ 24 ಗಂಟೆಗಳ ರೇಸು ನಡೆಯುತ್ತ ಬಂದಿದೆ. ಯಾರು ಬೇಗ ಓಡುತ್ತಾರೆ ಎನ್ನುವುದಕ್ಕಿಂತ, ಯಾರ ಕಾರು ಒಂದು ಹಗಲು ಒಂದು ರಾತ್ರಿ ಕೆಡದೆ ಓಡುತ್ತದೆ ಎನ್ನುವುದೇ ಪರೀಕ್ಷೆ. ಆಗ ಕಾರಿಗೆ ಇಬ್ಬರು ಡ್ರೈವರು, ಸರದಿಯ ಮೇಲೆ. ಆಗಿನ ನಿಯಮದಂತೆ ಕಾರು ಕೆಟ್ಟರೆ ಮೆಕ್ಯಾನಿಕ್ ಮುಟ್ಟುವಂತಿಲ್ಲ. ಡ್ರೈವರೇ, ಕಾರಿನಲ್ಲಿರುವ ಸಾಮಾನಿನಿಂದಲೇ ರಿಪೇರಿ ಮಾಡಿಕೊಳ್ಳಬೇಕು.

1926ರಲ್ಲಿ ಬೆಂಜಾಫೀಲ್ಡ್ ಮತ್ತು 'ದಿ ಆಟೊಕಾರ್' ಪತ್ರಿಕೆಯ ಕ್ರೀಡಾ ಸಂಪಾದಕ ಸ್ಯಾಮಿ ಡೇವಿಸ್ ಜೊತೆಯಾಗಿ ಓಡಿಸಿದರು. ಕಾರಿನ ನಂಬರು 7. ಮುಗಿಯಲು ಸುಮಾರು ಅರ್ಧ ಗಂಟೆ ಇರುವಾಗ, ಬ್ರೇಕು ಸೋತ ಕಾರನ್ನು ಡೇವಿಸ್ ಮರಳುದಿಬ್ಬಕ್ಕೆ ನುಗ್ಗಿಸಿದರು. ಇಪ್ಪತ್ತಮೂರೂವರೆ ಗಂಟೆಯ ಶ್ರಮ ಹೋಯಿತು. ಮುಂದಿನ ವರ್ಷ ಅದೇ ಇಬ್ಬರು, ಅದೇ ಕಾರು. ನಂಬರು ಈಗ 3, ಆದರೂ ಎಲ್ಲರ ಬಾಯಲ್ಲಿ ಅದು "ಓಲ್ಡ್ ನಂಬರ್ ಸೆವೆನ್".

1927ರ ಜೂನ್ 18, ಶನಿವಾರ ಸಂಜೆ 4 ಗಂಟೆಗೆ 22 ಕಾರುಗಳು ಹೊರಟವು. ಬೆಂಟ್ಲಿಯವರದು ಮೂರು. ಹೊಸ ನಾಲ್ಕೂವರೆ ಲೀಟರ್ ಕಾರು ಎಲ್ಲರಿಗಿಂತ ಮುಂದೆ. ಕತ್ತಲಾಗುತ್ತಿದ್ದಂತೆ, ಸುಮಾರು ಒಂಬತ್ತೂವರೆಗೆ, ಮೇಜೋಂ ಬ್ಲಾಂಶ್ ಅಂದರೆ 'ಬಿಳಿ ಮನೆ' ಎಂಬ ತಿರುವಿನಲ್ಲಿ ಒಂದು ಫ್ರೆಂಚ್ ಕಾರು ಜಾರಿ ರಸ್ತೆಗೆ ಅಡ್ಡ ನಿಂತಿತು. ಅದನ್ನು ತಪ್ಪಿಸಲು ಹೋದ ಲೆಸ್ಲಿ ಕ್ಯಾಲಿಂಗ್‌ಹ್ಯಾಮ್ ನಾಲ್ಕೂವರೆ ಲೀಟರ್ ಬೆಂಟ್ಲಿಯನ್ನು ಹಳ್ಳಕ್ಕೆ ಉರುಳಿಸಿದರು. ಹಿಂದೆಯೇ ಬಂದ ಎರಡನೇ ಬೆಂಟ್ಲಿಯೂ ಅದರ ಮೇಲೆ ಹೋಗಿ ಬಿತ್ತು. ಅದರ ಚಾಲಕ ಜಾರ್ಜ್ ಡುಲ್ಲರ್ ವೃತ್ತಿಯಲ್ಲಿ ಕುದುರೆ ರೇಸಿನ ಜಾಕಿ, ಬೀಳುವುದು ಹೇಗೆಂದು ಗೊತ್ತಿದ್ದವರು. ಮೂರನೆಯದಾಗಿ ಡೇವಿಸ್ ಬರುತ್ತಿದ್ದರು.

ಈ ಒಂದು ಕ್ಷಣಕ್ಕಾಗಿಯೇ ನಾನು ಈ ಲೇಖನ ಬರೆಯಲು ಕೂತದ್ದು. ತಿರುವಿಗೆ ಮೊದಲು ರಸ್ತೆಯ ಮೇಲೆ ಸ್ವಲ್ಪ ಮಣ್ಣು ಚೆಲ್ಲಿತ್ತು, ಮರದ ಚೂರು ಬಿದ್ದಿತ್ತು. ಹಿಂದಿನ ಸುತ್ತಿನಲ್ಲಿ ಅವು ಇರಲಿಲ್ಲ. ಡೇವಿಸ್ ಅಷ್ಟಕ್ಕೇ ವೇಗ ಇಳಿಸಿದರು. ತಿರುಗಿ ನೋಡಿದರೆ ಮುಂದೆ ಕಾರುಗಳ ರಾಶಿ. ನಿಲ್ಲಿಸಲು ಆಗಲಿಲ್ಲ, ಆದರೆ ಹೊಡೆತದ ಜೋರು ಕಡಿಮೆಯಾಯಿತು. ವೈದ್ಯ ವಿದ್ಯಾರ್ಥಿಗಳಿಗೆ ನಾವು ವರ್ಷಗಟ್ಟಲೆ ಕಲಿಸುವುದು ಇದನ್ನೇ: ನಿನ್ನೆ ಇರಲಿಲ್ಲ, ಇವತ್ತು ಇದೆ, ಏಕೆ? ಪತ್ರಕರ್ತರೊಬ್ಬರು ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ, ಮುಸ್ಸಂಜೆಯಲ್ಲಿ ಅದನ್ನು ಮಾಡಿದರು.

ಯಾರ ಪ್ರಾಣವೂ ಹೋಗಲಿಲ್ಲ. ಡೇವಿಸ್ ಕಾರನ್ನು ಹೇಗೋ ಹಿಂದಕ್ಕೆಳೆದು, ಕುಂಟಿಸುತ್ತ ಪಿಟ್‌ಗೆ ತಂದರು. ಮುಂದಿನ ಆಕ್ಸಲ್ ಬಾಗಿತ್ತು, ಒಂದು ಚಕ್ರ ಮುರಿದಿತ್ತು, ಮಡ್‌ಗಾರ್ಡ್ ಮುದುಡಿತ್ತು, ಒಂದು ಹೆಡ್‌ಲೈಟ್ ಚೂರಾಗಿತ್ತು. ಸುಮಾರು ಅರ್ಧ ಗಂಟೆ ಒಬ್ಬರೇ ಕೂತು ಚಕ್ರ ಬದಲಿಸಿ, ಜೋತುಬಿದ್ದದ್ದನ್ನು ಕಟ್ಟಿದರು. ನಂತರ ಸ್ಟಿಯರಿಂಗ್ ಹಿಡಿದವರು ಡಾಕ್ಟರು. ಹೊರಗೆ ಮಳೆ. ಒಂದೇ ದೀಪ, ಜೊತೆಗೆ ಕಟ್ಟಿಕೊಂಡ ಸಣ್ಣ ಕೈದೀಪ. ಸೊಟ್ಟಗಾದ ಮುಂಗಾಲಿನ ಕಾರು ಬ್ರೇಕು ಹಾಕಿದರೆ ಒಂದು ಕಡೆಗೆ ಎಳೆಯುವುದು. ಒಂದು ಸುತ್ತು 17 ಕಿಲೋಮೀಟರಿಗೂ ಹೆಚ್ಚು. ಪ್ರತಿ ಸುತ್ತಿನಲ್ಲೂ ಆ ಬಿಳಿ ಮನೆಯ ತಿರುವು, ಅಲ್ಲಿ ತಮ್ಮದೇ ತಂಡದ ಮುರಿದ ಕಾರುಗಳು.

ರಾತ್ರಿಯ ಆ ಹೊತ್ತು ನನಗೆ ಚೆನ್ನಾಗಿ ಗೊತ್ತು. ಇಲ್ಲಿಗೆ ಬಂದು ರೆಸಿಡೆನ್ಸಿ ಸೇರಿದ ಮೂರನೇ ತಿಂಗಳು. ಮೂವತ್ತು ಗಂಟೆಗೂ ಮೀರಿದ ಡ್ಯೂಟಿ ಮುಗಿಸಿ, ಸೆಕೆಂಡ್ ಹ್ಯಾಂಡ್ ಟೊಯೋಟದಲ್ಲಿ ಮನೆಗೆ ಹೊರಟಿದ್ದೆ. ಹೈವೇ ಅಂಚಿನ ಉಬ್ಬುಗೆರೆಗಳ ಮೇಲೆ ಟಯರು ಗಡಗಡ ಎಂದಾಗ ಎಚ್ಚರವಾಯಿತು. ಎಚ್ಚರವಾಯಿತು ಎಂದರೆ ಅದಕ್ಕೆ ಮೊದಲು ನಿದ್ದೆ ಬಂದಿತ್ತು ಎಂದೇ ಅರ್ಥ. ಹುಲ್ಲಿನ ಮೇಲೆ ಕಾರು ನಿಲ್ಲಿಸಿ, ಕೈ ನಡುಗುವುದು ನಿಲ್ಲುವ ತನಕ ಕೂತೆ. ಮನೆಯಲ್ಲಿ ಹೇಳಲಿಲ್ಲ. ಊರಿನಲ್ಲಿ ಅಮ್ಮನಿಗಂತೂ ಇಂದಿಗೂ ಗೊತ್ತಿಲ್ಲ, ಈ ಪುಟ ಅವರ ಕೈಗೆ ಹೋಗದಿರಲಿ. ರೆಸಿಡೆಂಟ್‌ಗಳಿಗೆ ವಾರಕ್ಕೆ 80 ಗಂಟೆ ಎಂಬ ಮಿತಿ ಅಮೆರಿಕದಾದ್ಯಂತ ಬಂದದ್ದು 2003ರಲ್ಲಿ, ನನ್ನ ಸರದಿ ಮುಗಿದ ಮೇಲೆ. ಈಗ ನಮ್ಮ ಮಗಳು ರೆಸಿಡೆಂಟ್. ರಾತ್ರಿ ಡ್ಯೂಟಿಯ ಮರುದಿನ ಬೆಳಿಗ್ಗೆ ಅವಳಿಂದ "ಮಲಗಿ ಎದ್ದು ಹೊರಟೆ" ಎಂದು ಮೆಸೇಜು ಬರುವವರೆಗೆ ನನಗೆ ಕಾಫಿ ರುಚಿಸುವುದಿಲ್ಲ.

ಲೆ ಮಾನ್‌ನಲ್ಲಿ ಭಾನುವಾರ ಬೆಳಗಾಯಿತು. ಮುಂದೆ ಇದ್ದದ್ದು ಫ್ರಾನ್ಸಿನ ಆರಿಯೆಸ್ ಕಾರು, ಹಲವು ಸುತ್ತುಗಳ ಅಂತರದಲ್ಲಿ. ಬೆಂಟ್ಲಿಯವರು ಅದರ ಮೇಲೆ ಒತ್ತಡ ಹಾಕುತ್ತ ಹೋದರು. ಮಧ್ಯಾಹ್ನ, ರೇಸು ಮುಗಿಯುವ ಹೊತ್ತು ಹತ್ತಿರವಾಗುತ್ತಿದ್ದಂತೆ ಆರಿಯೆಸ್ ಕೆಟ್ಟು ನಿಂತಿತು. ಸೊಟ್ಟ ಆಕ್ಸಲಿನ ಬೆಂಟ್ಲಿ 137 ಸುತ್ತು, ಸುಮಾರು 2,370 ಕಿಲೋಮೀಟರು ಓಡಿ ಗೆದ್ದಿತು. ಎರಡನೇ ಸ್ಥಾನದ ಪುಟ್ಟ ಸಾಲ್ಮ್‌ಸನ್ ಹಿಂದಿದ್ದದ್ದು 20 ಸುತ್ತು, ಅಂದರೆ 350 ಕಿಲೋಮೀಟರಿನಷ್ಟು. ಅಷ್ಟು ದೊಡ್ಡ ಅಂತರದ ಗೆಲುವು ಲೆ ಮಾನ್‌ನಲ್ಲಿ ಮತ್ತೆ ಆಗಿಲ್ಲ. ಕೊನೆಯವರೆಗೆ ಉಳಿದ ಕಾರುಗಳು ಏಳೇ. ಡಾಕ್ಟರಿಗೆ ಆಗ ನಲವತ್ತು ತುಂಬುವುದರಲ್ಲಿತ್ತು.

ಲಂಡನ್ನಿನ ಸವಾಯ್ ಹೋಟೆಲಿನಲ್ಲಿ 'ದಿ ಆಟೊಕಾರ್'ನವರು ಔತಣ ಕೊಟ್ಟರು. ಊಟದ ನಡುವೆ, ಇನ್ನೊಬ್ಬ ಅತಿಥಿ ಬರಬೇಕು ಎಂದು ಸಾರಿ, ಬಾಗಿಲು ತೆರೆದು ಕಾರನ್ನೇ ಒಳಗೆ ತಂದರು. ಅದೇ ಮುರಿದ ಮಡ್‌ಗಾರ್ಡು, ಅದೇ ಕೆಸರು. ನಮ್ಮಲ್ಲಾಗಿದ್ದರೆ ಮೊದಲು ತೊಳೆದು, ಕುಂಕುಮ ಇಟ್ಟು, ಹಾರ ಹಾಕಿಯೇ ತರುತ್ತಿದ್ದರು.

ಬೆಂಜಾಫೀಲ್ಡ್ ಮತ್ತೂ ಕೆಲವು ವರ್ಷ ಓಡಿಸಿದರು. 1929ರಲ್ಲಿ ಬೆಂಟ್ಲಿಗಳು ಮೊದಲ ನಾಲ್ಕೂ ಸ್ಥಾನ ಗೆದ್ದಾಗ ಮೂರನೆಯದು ಅವರದು. ಅದಕ್ಕಿಂತ ದೊಡ್ಡ ಕೆಲಸ ಎಂದು ನಾನು ಎಣಿಸುವುದು ಇನ್ನೊಂದನ್ನು. ವಿಂಪೋಲ್ ಸ್ಟ್ರೀಟಿನ ತಮ್ಮ ಮನೆಯಲ್ಲಿ ಗೆಳೆಯ ಡ್ರೈವರುಗಳನ್ನು ಆಗಾಗ ಊಟಕ್ಕೆ ಕರೆಯುತ್ತಿದ್ದರು. ಆ ಊಟಗಳಿಂದಲೇ 1928ರಲ್ಲಿ ಬ್ರಿಟಿಷ್ ರೇಸಿಂಗ್ ಡ್ರೈವರ್ಸ್ ಕ್ಲಬ್ ಹುಟ್ಟಿತು. ನಮ್ಮ ಕೂಟ ಕೂಡ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಬಿಸಿಬೇಳೆಭಾತಿನಿಂದ ಹುಟ್ಟಿದ್ದೇ ಅಲ್ಲವೇ? ಆ ಕ್ಲಬ್ಬಿನವರು 1952ರಿಂದ ಸಿಲ್ವರ್‌ಸ್ಟೋನ್ ನಡೆಸುತ್ತಿದ್ದಾರೆ.

ಸುಖದ ಸುದ್ದಿಯನ್ನಷ್ಟೇ ಹೇಳಿದರೆ ಕಥೆ ಪೂರ್ತಿಯಾಗುವುದಿಲ್ಲ. ಹೆಲ್ಮೆಟ್ಟಿಲ್ಲ, ಸೀಟ್ ಬೆಲ್ಟಿಲ್ಲ, ತಲೆಗೆ ಬಟ್ಟೆಯ ಟೋಪಿ. 1932ರಲ್ಲಿ ಇದೇ ಕ್ಲಬ್ಬು ಬ್ರೂಕ್‌ಲ್ಯಾಂಡ್ಸ್‌ನಲ್ಲಿ ನಡೆಸಿದ 500 ಮೈಲಿಯ ರೇಸಿನಲ್ಲಿ ಕ್ಲೈವ್ ಡನ್‌ಫಿ ಎಂಬ ಯುವಕ ಬೆಂಟ್ಲಿ ಸಮೇತ ಟ್ರ್ಯಾಕಿನ ಎತ್ತರದ ದಂಡೆ ದಾಟಿ ಬಿದ್ದು ತೀರಿಕೊಂಡರು. ಸ್ಟಿಯರಿಂಗ್ ಹಿಡಿದ ಡಾಕ್ಟರು 1927ರಲ್ಲೇ ಸಿಕ್ಕರು. ರೇಸು ನಡೆಯುವಾಗ ಗಾಯಾಳುವಿನ ಬಳಿ ತಕ್ಷಣ ತಲುಪುವ ಡಾಕ್ಟರು ಸಿಗಲು ಎಷ್ಟು ಕಾಲ ಬೇಕಾಯಿತು ನೋಡಿ: ಲಂಡನ್ನಿನ ನ್ಯೂರೋಸರ್ಜನ್ ಸಿಡ್ ವಾಟ್ಕಿನ್ಸ್ ಫಾರ್ಮುಲಾ ಒನ್ ರೇಸುಗಳ ವೈದ್ಯರಾದದ್ದು 1978ರಲ್ಲಿ. ಆ ವರ್ಷವೇ ಮೊಂಜಾದಲ್ಲಿ ರೋನಿ ಪೀಟರ್ಸನ್ ಕಾಲು ಮುರಿದುಕೊಂಡು, ಮರುದಿನ ಫ್ಯಾಟ್ ಎಂಬಾಲಿಸಂನಿಂದ ಸತ್ತರು. ಮೊದಲ ಸುತ್ತಿನಲ್ಲಿ ರೇಸ್ ಕಾರುಗಳ ಹಿಂದೆಯೇ ಡಾಕ್ಟರ ಕಾರು ಓಡುವ ಪದ್ಧತಿ ಬಂದದ್ದು ಅದಾದ ಮೇಲೆ.

ಬೆಂಜಾಫೀಲ್ಡ್ ತಮ್ಮ ನೆನಪುಗಳನ್ನು 'ದಿ ಬೆಂಟ್ಲೀಸ್ ಅಟ್ ಲೆ ಮಾನ್' ಎಂಬ ಪುಸ್ತಕವಾಗಿ 1948ರಲ್ಲಿ ತಂದರು. ತೀರಿಕೊಂಡದ್ದು 1957ರಲ್ಲಿ.

ಆ ಭಾನುವಾರ ಹೊರಡುವ ಮೊದಲು ಮಾಲೀಕರು ನನ್ನನ್ನು ಹಸಿರು ಕಾರಿನಲ್ಲಿ ಕೂರಿಸಿದರು. ಸೀರೆ ಉಟ್ಟಿರಲಿಲ್ಲ, ಪುಣ್ಯ. ಹತ್ತುವುದೇ ಒಂದು ಸಾಹಸ. ಸ್ಟಿಯರಿಂಗು ನಮ್ಮೂರಿನ ಕಾರುಗಳ ಹಾಗೆ ಬಲಗಡೆ, ಗೇರು ಇನ್ನೂ ಬಲಕ್ಕೆ, ಬಾಗಿಲ ಕಡೆ. ಯಜಮಾನರು ಫೋಟೋ ತೆಗೆಯಲು ಹಿಂದೆ ಹಿಂದೆ ಹೋಗುತ್ತಿದ್ದರು. ನಾನು ಅಭ್ಯಾಸದ ಮೇಲೆ ನಡುವಿನ ಪೆಡಲಿನ ಮೇಲೆ ಕಾಲಿಟ್ಟು, "ಬ್ರೇಕು ಬಹಳ ಹಗುರ" ಎಂದೆ. ಮುದುಕರು ನಕ್ಕುಬಿಟ್ಟರು. ಈ ಕಾರುಗಳಲ್ಲಿ ನಡುವೆ ಇರುವುದು ಆಕ್ಸಿಲರೇಟರಂತೆ, ಬ್ರೇಕು ಬಲಕ್ಕೆ.