ಸುಳ್ಳು ಹೇಳಿದ ಮುಳ್ಳು

ಕಾರು ಓಡಿಸುವವರ ಕಣ್ಣೆದುರು ಒಂದು ಪುಟ್ಟ ಮೀಟರ್ ಇರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ಹೇಳುವುದು ಅದರ ಕೆಲಸ. ಅದರ ಕಡ್ಡಿಯನ್ನು ನಾವು ಮುಳ್ಳು ಎನ್ನುತ್ತೇವೆ. ತಾಳವಾಡಿಯ ನೆರೆಯ ತಮಿಳಿನಲ್ಲೂ ಅದು ಮುಳ್ಳೇ. ಮಡಕಶಿರಾ ಕಡೆಯ ತೆಲುಗಿನಲ್ಲಿ ಮುಲ್ಲು, ಅಕ್ಕಲಕೋಟೆ ಕಡೆಯ ಮರಾಠಿಯಲ್ಲಿ ಕಾಟಾ. ಯಾವ ಭಾಷೆಯಲ್ಲಿ ಕರೆದರೂ ಈ ಮುಳ್ಳು ಒಮ್ಮೊಮ್ಮೆ ಸುಳ್ಳು ಹೇಳುತ್ತದೆ. ಅದರ ಕಥೆಯೇ ಇವತ್ತಿನ ನಮ್ಮ ಮಾತು.

ಮೊದಲ ಕಾರುಗಳಿಗೆ ಈ ಮೀಟರ್ ಇರಲಿಲ್ಲ. ಅಮೆರಿಕದ ಹೆನ್ರಿ ಫೋರ್ಡ್ 1908ರಲ್ಲಿ ತಂದ ಟಿ ಮಾದರಿಯ ಕಾರನ್ನೇ ನೋಡಿ. 1927ರವರೆಗೆ ಒಂದೂವರೆ ಕೋಟಿ ಕಾರು ತಯಾರಾದವು. ಟ್ಯಾಂಕು ಇದ್ದದ್ದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ, ಮುಚ್ಚಳ ತೆಗೆದು, ಗುರುತು ಹಾಕಿದ ಮರದ ಕೋಲು ಇಳಿಬಿಟ್ಟು ನೋಡಬೇಕು. ನಮ್ಮಲ್ಲಿ ಬಾವಿಯ ನೀರನ್ನು ಹಗ್ಗದಲ್ಲಿ ಅಳೆಯುವುದಿಲ್ಲವೆ, ಹಾಗೆ. ಪಂಪು ಇರಲಿಲ್ಲ, ಪೆಟ್ರೋಲ್ ತಾನಾಗಿ ಇಳಿದು ಎಂಜಿನ್ನಿಗೆ ಹೋಗಬೇಕು. ಪೆಟ್ರೋಲ್ ಕಡಿಮೆಯಿದ್ದಾಗ ಕಡಿದಾದ ಏರು ಬಂದರೆ ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಹತ್ತಿಸುತ್ತಿದ್ದರು! ದಿಂಬಂ ಘಾಟಿಯ 27 ತಿರುವುಗಳನ್ನು ಹಾಗೆ ಹತ್ತುವುದನ್ನು ನೀವೇ ಊಹಿಸಿಕೊಳ್ಳಿ.

ಮುಂದೆ ಟ್ಯಾಂಕು ಕಾರಿನ ಹಿಂಭಾಗಕ್ಕೆ ಹೋಯಿತು, ಚಾಲಕ ಮುಂದೆಯೇ ಉಳಿದ. ಇಬ್ಬರ ನಡುವೆ ಸುದ್ದಿ ಸಾಗಿಸಲು ವಿದ್ಯುತ್ ತಂತಿ ಬಂತು. 1930ರ ದಶಕದ ಹೊತ್ತಿಗೆ ಅನೇಕ ಕಾರುಗಳಲ್ಲಿ ಈ ಏರ್ಪಾಡು ಇತ್ತು. ಆದರೂ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ 1960ರ ದಶಕದ ಆರಂಭದವರೆಗೂ ಮೀಟರಿಲ್ಲದೆಯೇ ಓಡಿತು. ಅದಕ್ಕಿದ್ದದ್ದು ರಿಸರ್ವ್ ನಲ್ಲಿ. ನಮ್ಮ ಬಜಾಜ್ ಸ್ಕೂಟರ್ ಓಡಿಸಿದವರಿಗೆ ಆ ನಲ್ಲಿಯ ಬೆಲೆ ಗೊತ್ತು.

ಕೆಲಸ ಬಲು ಸರಳ. ಟ್ಯಾಂಕಿನೊಳಗೆ ಒಂದು ತೇಲುಗುಂಡು, ಅದಕ್ಕೊಂದು ತೋಳು. ಪೆಟ್ರೋಲ್ ಏರಿದರೆ ಗುಂಡು ಏರುತ್ತದೆ, ಇಳಿದರೆ ಇಳಿಯುತ್ತದೆ. ತೋಳಿನ ತುದಿ ಸುರುಳಿ ತಂತಿಯ ಮೇಲೆ ಜಾರಿದಂತೆ ಹರಿಯುವ ವಿದ್ಯುತ್ತು ಹೆಚ್ಚು ಕಡಿಮೆಯಾಗುತ್ತದೆ. ಮುಂದಿನ ಮುಳ್ಳು ಅದಕ್ಕೆ ತಕ್ಕಂತೆ ಆಡುತ್ತದೆ.

ಇನ್ನು ನನ್ನ ಅನುಭವಕ್ಕೆ ಬರುತ್ತೇನೆ. ನಾನಾಗ ಚಿಕ್ಕವನು. ಅಕ್ಕನಿಗೆ ನಡುರಾತ್ರಿ ಹೆರಿಗೆ ನೋವು ಬಂತು. ಬಾಡಿಗೆಯ ಅಂಬಾಸಿಡರಿನಲ್ಲಿ ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೊರಟೆವು. ಹಾಸನೂರು ದಾಟಿದ ಮೇಲೆ ಕಾಡಿನ ನಡುವೆ ಕಾರು ಕೆಮ್ಮಿ ನಿಂತಿತು. "ಪೆಟ್ರೋಲ್ ಮುಗಿಯಿತೇನಪ್ಪ?" ಎಂದರು ಭಾವ. "ಇಲ್ಲ ಅಣ್ಣ, ಮುಳ್ಳು ಅರ್ಧದಲ್ಲಿದೆ" ಎಂದ ಚಾಲಕ. ಅದನ್ನೇ ನಂಬಿ ಒಂದು ಗಂಟೆ ಎಂಜಿನ್ ಬಿಚ್ಚಿ ಜೋಡಿಸಿದ. ಆನೆ ಓಡಾಡುವ ಜಾಗ. ಅಕ್ಕ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಕೊನೆಗೆ ಬೆಳಗಿನ ಬಸ್ಸು ಬಂದು ನಮ್ಮನ್ನು ಹತ್ತಿಸಿಕೊಂಡಿತು. ತಾಯಿ ಮಗು ಉಳಿದರು. ಟ್ಯಾಂಕು ಮಾತ್ರ ಒಣಗಿತ್ತು.

ತುಕ್ಕು ಹಿಡಿದ ತೋಳು ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ಮೆಕ್ಯಾನಿಕ್ ಅದನ್ನು ಕಂಡುಹಿಡಿದ ಕ್ರಮ ಹಳೆಯ ಕಾರುಗಳಿಗೆ ಇಂದಿಗೂ ಸಲ್ಲುತ್ತದೆ. ಮೊದಲು ಫ್ಯೂಸ್ ನೋಡಿದ. ಆಮೇಲೆ ಕೀಲಿ ಆಫ್ ಮಾಡಿ, ಟ್ಯಾಂಕಿನ ಮೇಲಿನ ತಂತಿ ಬಿಚ್ಚಿ, ಅದನ್ನು ಕಾರಿನ ಲೋಹದ ಮೈಗೆ ಬಿಗಿದ. ಬಳಿಕ ಕೀಲಿ ತಿರುಗಿಸಿದ. ಮುಳ್ಳು ಅರ್ಧ ಬಿಟ್ಟು ತುದಿಯತ್ತ ಏರಿತು. ತಕ್ಷಣ ಕೀಲಿ ಆಫ್. ಅಂದರೆ ಮೀಟರೂ ಸರಿ, ತಂತಿಯೂ ಸರಿ. ದೋಷ ಟ್ಯಾಂಕಿನೊಳಗೆ ಅಥವಾ ಅದರ ಅರ್ತ್‌ನಲ್ಲಿ. ಮುಳ್ಳು ಅಲ್ಲಾಡದೇ ಹೋಗಿದ್ದರೆ ತಂತಿಯನ್ನೋ ಮೀಟರನ್ನೋ ಹುಡುಕಬೇಕಿತ್ತು. ಕಿಡಿ ಟ್ಯಾಂಕಿನ ಬಳಿ ಹಾರಬಾರದೆಂದೇ ತಂತಿ ಬಿಗಿದ ಮೇಲೆ ಕೀಲಿ ತಿರುಗಿಸಿದ್ದು.

ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ಮುಳ್ಳು ಖಾಲಿ ಎಂದರೆ, ತೇಲುಗುಂಡು ತೂತಾಗಿ ಮುಳುಗಿರಬಹುದು. ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಪೆಟ್ರೋಲಿನ ಸದ್ದು ಕೇಳುತ್ತದೆ. ಅದಕ್ಕೆ ಬೆಸುಗೆ ಹಾಕಲು ಹೋಗಬೇಡಿ, ಹೊಸದು ಹಾಕಿಸಿ. ಬೀಡಿ, ಬೆಂಕಿ ಹತ್ತಿರ ಸುಳಿಯಬಾರದು. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮೀಟರಿಗೂ ಶಾಖದ ಮೀಟರಿಗೂ ಒಂದೇ ಸಣ್ಣ ಪೆಟ್ಟಿಗೆಯಿಂದ ಸುಮಾರು 10 ವೋಲ್ಟ್ ಹೋಗುತ್ತದೆ. ಎರಡೂ ಒಟ್ಟಿಗೆ ತಪ್ಪು ಹೇಳಿದರೆ ಆ ಪೆಟ್ಟಿಗೆಯ ಮೇಲೆ ಅನುಮಾನ ಪಡಿ. ಕಂಪ್ಯೂಟರ್ ಇರುವ ಹೊಸ ಕಾರುಗಳಲ್ಲಿ ಮಾತ್ರ ಹೀಗೆ ತಂತಿ ಮುಟ್ಟಿಸಿ ನೋಡಬಾರದು.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೆ ಆ ಚಾಲಕ ಅಂದಿನಿಂದ ಬೆಳೆಸಿಕೊಂಡ ರೂಢಿ ಯಾವ ಕಾರಿಗೂ ಸಲ್ಲುತ್ತದೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಎಷ್ಟು ಲೀಟರ್, ಎಷ್ಟನೆಯ ಕಿಲೋಮೀಟರ್ ಎಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡುತ್ತಿದ್ದ. ಘಾಟಿಗೆ ಮೊದಲು ಮುಳ್ಳನ್ನೂ ನೋಡುತ್ತಿದ್ದ, ಚೀಟಿಯನ್ನೂ ನೋಡುತ್ತಿದ್ದ. ಎರಡೂ ಒಪ್ಪಿದರಷ್ಟೇ ಹೊರಡುತ್ತಿದ್ದ.