ನೀರು ಮೇಲೇರಿದ ಲೆಕ್ಕ

ನೀರು ತಗ್ಗಿನ ಕಡೆಗೆ ಹರಿಯುತ್ತದೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದನ್ನು ತಗ್ಗಿನಿಂದ ದಿಬ್ಬಕ್ಕೆ ಏರಿಸುವ ವಿದ್ಯೆಯನ್ನು ಮಾತ್ರ ಮನುಷ್ಯ ನಾಲ್ಕು ಸಾವಿರ ವರ್ಷಗಳಿಂದ ಕಲಿಯುತ್ತಲೇ ಬಂದಿದ್ದಾನೆ. ಈ ಹಳೆಯ ಪಾಠ ಈಗ ಮಕ್ಕಳು, ದೊಡ್ಡವರು ಎಲ್ಲರೂ ಆಡುವ ಒಂದು ಕಂಪ್ಯೂಟರ್ ಆಟದಲ್ಲಿ ಮತ್ತೆ ಎದುರಾಗಿದೆ.

ಆಟದ ಹೆಸರು ‘ಮೈನ್‌ಕ್ರಾಫ್ಟ್’. ಸ್ವೀಡನ್ನಿನ ಮಾರ್ಕುಸ್ ಪೆರ್ಸನ್ 2009ರಲ್ಲಿ ಇದನ್ನು ಮೊದಲು ಸಾರ್ವಜನಿಕರ ಮುಂದಿಟ್ಟರು. ಪೂರ್ಣರೂಪ ಬಂದದ್ದು 2011ರ ನವೆಂಬರ್‌ನಲ್ಲಿ. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಇದರ ಒಡೆತನವನ್ನು 250 ಕೋಟಿ ಡಾಲರ್ ತೆತ್ತು ಕೊಂಡಿತು. ಇಲ್ಲಿ ಗೆಲ್ಲಲೇಬೇಕಾದ ಎದುರಾಳಿಯಾಗಲಿ, ಮುಗಿಸಲೇಬೇಕಾದ ಕಥೆಯಾಗಲಿ ಇಲ್ಲ. ಒಂದೊಂದು ಮೀಟರ್ ಉದ್ದ, ಅಗಲ, ಎತ್ತರದ ಬ್ಲಾಕುಗಳಿಂದಾದ ಜಗತ್ತಿನಲ್ಲಿ ಮಣ್ಣು ಅಗೆದು, ಕಲ್ಲು ಒಡೆದು, ಮರ ಕಡಿದು, ಬೇಕಾದುದನ್ನು ಕಟ್ಟಿಕೊಳ್ಳುವುದೇ ಆಟ. ಮನೆ, ಕೋಟೆ, ಹೊಲ, ಕಾಲುವೆ ಎಲ್ಲವನ್ನೂ ಕಟ್ಟಬಹುದು. ಕಾಲುವೆ ಎಂದ ಮೇಲೆ ನೀರಿನ ಮಾತು ಬರಲೇಬೇಕು.

ಈ ಜಗತ್ತಿನ ನೀರಿಗೆ ಅದರದೇ ಕಟ್ಟಳೆಗಳಿವೆ. ನೀರಿನ ಮೂಲವೆನಿಸಿದ ಒಂದು ಬ್ಲಾಕಿನಿಂದ ಹೊರಟ ಹರಿವು ಸಮತಟ್ಟಾದ ನೆಲದಲ್ಲಿ ಏಳು ಬ್ಲಾಕುಗಳವರೆಗೆ ಸಾಗಿ ನಿಲ್ಲುತ್ತದೆ. ಕೆಳಗೆ ಬೀಳುತ್ತದೆ, ಮೇಲೆ ಏರುವುದಿಲ್ಲ. ಇಷ್ಟರಮಟ್ಟಿಗೆ ನಿಸರ್ಗವನ್ನೇ ಹೋಲುತ್ತದೆ. ಆದರೆ ಎರಡು ಬ್ಲಾಕ್ ಉದ್ದ, ಎರಡು ಬ್ಲಾಕ್ ಅಗಲದ ಗುಂಡಿ ತೋಡಿ, ಎದುರುಬದುರು ಮೂಲೆಗಳಲ್ಲಿ ಒಂದೊಂದು ಬಕೆಟ್ ನೀರು ಸುರಿದರೆ ಅದು ಎಂದೂ ಬತ್ತದ ಬಾವಿಯಾಗುತ್ತದೆ. ಎಷ್ಟು ಮೊಗೆದರೂ ಮರುಕ್ಷಣವೇ ತುಂಬಿಕೊಳ್ಳುತ್ತದೆ. ಇನ್ನೊಂದು ವಿಚಿತ್ರವೆಂದರೆ ಬಕೆಟ್ಟಿನ ಅಳತೆ. ಅದು ಒಂದು ಇಡೀ ಬ್ಲಾಕ್ ನೀರನ್ನು, ಎಂದರೆ ಒಂದು ಘನಮೀಟರ್ ನೀರನ್ನು ಹಿಡಿಯುತ್ತದೆ. ಅದರ ತೂಕ ಸಾವಿರ ಕಿಲೋಗ್ರಾಂ. ಆಟಗಾರ ಅದನ್ನು ಕೈಯಲ್ಲಿ ಹಿಡಿದು ಬೆಟ್ಟ ಹತ್ತಿ ಓಡುತ್ತಾನೆ.

ಬಕೆಟ್ ಹೊತ್ತು ಬೇಸತ್ತವರು ಬಹಳ ಕಾಲದಿಂದ ಕೇಳುತ್ತಿರುವುದು ನೀರನ್ನು ತಾನಾಗಿ ಸಾಗಿಸುವ, ಮೇಲಕ್ಕೆತ್ತುವ ಒಂದು ಹೊಸ ಬ್ಲಾಕನ್ನು. ಕೇಳುವುದರಲ್ಲಿ ತಪ್ಪೇನೂ ಇಲ್ಲ. 2011ರಲ್ಲಿ ಆಟಕ್ಕೆ ಸೇರಿದ ಪಿಸ್ಟನ್ ಎಂಬ ಬ್ಲಾಕ್ ಮೊದಲು ಆಟಗಾರನೊಬ್ಬ ತಾನೇ ರಚಿಸಿಕೊಂಡಿದ್ದ ಪೂರಕವಾಗಿತ್ತು. ಅದು ಕಲ್ಲು ಮಣ್ಣುಗಳನ್ನು ತಳ್ಳುತ್ತದೆ, ನೀರನ್ನು ತಳ್ಳಲಾರದು. 2018ರಲ್ಲಿ ನೀರಿನೊಳಗೆ ಗುಳ್ಳೆಗಳ ಕಂಬ ಏಳುವ ಏರ್ಪಾಡು ಬಂತು. ಅದು ಮನುಷ್ಯರನ್ನೂ ಸಾಮಾನುಗಳನ್ನೂ ಮೇಲಕ್ಕೆ ಒಯ್ಯುತ್ತದೆ, ನೀರು ಮಾತ್ರ ಇದ್ದಲ್ಲಿಯೇ ಇರುತ್ತದೆ. ಆಟಗಾರರು ರಚಿಸಿದ ಪೂರಕಗಳಲ್ಲಿ ಪಂಪು, ಕೊಳವೆಗಳಿವೆ. ಮೂಲ ಆಟದಲ್ಲಿ ಅಂಥದೊಂದು ಬ್ಲಾಕ್ ಇಲ್ಲ.

ಬಂದರೆ ಅದು ಹೇಗಿರಬೇಕು? ಇದಕ್ಕೆ ಉತ್ತರ ಹುಡುಕಲು ಕಂಪ್ಯೂಟರ್‌ಗಿಂತ ಚರಿತ್ರೆಯೇ ಹೆಚ್ಚು ಅನುಕೂಲ. ನೀರೆತ್ತುವ ಯಾವ ಸಾಧನವೇ ಆಗಲಿ, ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕಾಗಿತ್ತು. ದುಡಿಮೆ ಯಾರದು? ಎತ್ತರ ಎಷ್ಟು? ನೀರು ಎಷ್ಟು?

ಏತದಿಂದ ಚಕ್ರದವರೆಗೆ

ಮೊದಲ ಉತ್ತರ ಏತ. ಉದ್ದನೆಯ ಕೋಲಿನ ಒಂದು ತುದಿಗೆ ನೀರಿನ ಪಾತ್ರೆ, ಇನ್ನೊಂದು ತುದಿಗೆ ಭಾರ. ಈಜಿಪ್ಟಿನ ದೇರ್ ಎಲ್ ಮದೀನದಲ್ಲಿರುವ, ಕ್ರಿಸ್ತಪೂರ್ವ 13ನೆಯ ಶತಮಾನದ ಇಪುಯ್ ಎಂಬಾತನ ಗೋರಿಯಲ್ಲಿ ತೋಟಕ್ಕೆ ಏತದಿಂದ ನೀರೆತ್ತುವವನ ಚಿತ್ರವಿದೆ. ಮೆಸೊಪೊಟೇಮಿಯದಲ್ಲಿ ಇದು ಇನ್ನೂ ಹಳೆಯದು. ದಕ್ಷಿಣ ಭಾರತದಲ್ಲಿ ಏತಕ್ಕೆ ಬೇರೊಂದು ರೂಪವೂ ಉಂಟು. ಕೋಲಿನ ತುದಿಯ ಕಲ್ಲಿನ ಭಾರಕ್ಕೆ ಬದಲಾಗಿ ಒಬ್ಬಿಬ್ಬರು ಆಳುಗಳು ಏತದ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರು. ಕೆಳಗೆ ನಿಂತವನು ನೀರನ್ನು ಕಾಲುವೆಗೆ ಸುರಿಯುತ್ತಿದ್ದ.

ಒಂದು ಘನಮೀಟರ್ ನೀರನ್ನು ಒಂದು ಮೀಟರ್ ಎತ್ತಲು ಬೇಕಾದ ಶಕ್ತಿ 9,800 ಜೌಲ್. ಗಟ್ಟಿಮುಟ್ಟಾದ ಆಳು ದಿನವಿಡೀ ದುಡಿಯುವಾಗ ಕೊಡಬಲ್ಲದ್ದು ಹೆಚ್ಚೆಂದರೆ 75 ವಾಟ್‌ಗಳಷ್ಟು. ಒಂದು ಹನಿಯೂ ಚೆಲ್ಲದಿದ್ದರೂ ಅವನಿಗೆ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ಆಟದ ಬಕೆಟ್ಟು ಒಂದು ಕ್ಷಣದಲ್ಲಿ ಮಾಡಿ ಮುಗಿಸುವ ಕೆಲಸದ ನಿಜವಾದ ಬೆಲೆ ಇದು.

ಮನುಷ್ಯನ ಬೆನ್ನಿನ ಭಾರವನ್ನು ಎತ್ತಿನ ಹೆಗಲಿಗೆ ದಾಟಿಸಿದ್ದು ಕಪಿಲೆ. ಬಾವಿಯ ಬಾಯಿಯ ರಾಟೆಯ ಮೇಲಿಂದ ಹಾದುಬಂದ ಹಗ್ಗವನ್ನು ಎಳೆದುಕೊಂಡು ಜೋಡೆತ್ತುಗಳು ಇಳಿಜಾರಿನಲ್ಲಿ ನಡೆಯುತ್ತವೆ, ತೊಗಲಿನ ಚೀಲ ಮೇಲೆ ಬಂದು ತೊಟ್ಟಿಗೆ ಸುರಿಯುತ್ತದೆ. ಎತ್ತುಗಳ ಮೈಭಾರವೂ ದುಡಿಮೆಗೆ ಕೂಡಿಕೊಳ್ಳಲೆಂದೇ ಆ ಇಳಿಜಾರು. ಕರ್ನಾಟಕದ ಬಯಲುಸೀಮೆಯ ತೋಟಗಳು ವಿದ್ಯುತ್ ಪಂಪು ಬರುವವರೆಗೂ ಕಪಿಲೆ ಹೊಡೆಯುವವರನ್ನೇ ನಂಬಿದ್ದವು. ಏತ ನಿಲುಕದಷ್ಟು ಆಳಕ್ಕೆ ಕಪಿಲೆ ನಿಲುಕುತ್ತಿತ್ತು. ಆದರೆ ಎತ್ತುಗಳಿಗೆ ಮೇವು ಬೇಕು, ವಿಶ್ರಾಂತಿ ಬೇಕು.

ಮೇವು ಬೇಡದ ದುಡಿಮೆಗಾರ ನದಿಯೇ. ಸಿರಿಯಾದ ಹಮಾ ಪಟ್ಟಣದಲ್ಲಿ ಒರಾಂಟಿಸ್ ನದಿಯ ದಂಡೆಯ ಮೇಲೆ ನಿಂತ ಮರದ ಬೃಹತ್ ಚಕ್ರಗಳು ಇದಕ್ಕೆ ಸಾಕ್ಷಿ. ಹರಿಯುವ ನೀರು ಚಕ್ರವನ್ನು ತಿರುಗಿಸುತ್ತದೆ. ಅಂಚಿನ ಪೆಟ್ಟಿಗೆಗಳು ಅದೇ ನೀರಿನಲ್ಲಿ ಸ್ವಲ್ಪವನ್ನು ಹೊತ್ತು ಎತ್ತರದ ಕಾಲುವೆಗೆ ಸುರಿಯುತ್ತವೆ. ಅಲ್ಲಿನ ಅತಿ ದೊಡ್ಡ ಚಕ್ರದ ವ್ಯಾಸ ಸುಮಾರು 20 ಮೀಟರ್. ಅದು 14ನೆಯ ಶತಮಾನದ್ದು. ಬಹುಪಾಲು ನೀರು ಕೆಳಗೆ ಹರಿದುಹೋಗುವುದರಿಂದಲೇ ಸ್ವಲ್ಪ ನೀರು ಮೇಲೇರುತ್ತದೆ. ನದಿ ಬಡವಾದ ದಿನ ಚಕ್ರವೂ ನಿಲ್ಲುತ್ತದೆ.

ಗ್ರೀಕ್ ಪಂಡಿತ ಆರ್ಕಿಮಿಡೀಸನ ಹೆಸರಿನಲ್ಲಿರುವ ತಿರುಪು ಇನ್ನೊಂದು ದಾರಿ. ಓರೆಯಾಗಿ ನಿಲ್ಲಿಸಿದ ಕೊಳವೆಯೊಳಗಿನ ಸುರುಳಿ ತಿರುಗಿದಂತೆ ನೀರು ಮೆಟ್ಟಿಲು ಹತ್ತಿದ ಹಾಗೆ ಮೇಲೆ ಬರುತ್ತದೆ. ಇದು ಹೆಚ್ಚು ನೀರನ್ನು ಎತ್ತುತ್ತದೆ, ಹೆಚ್ಚು ಎತ್ತರಕ್ಕಲ್ಲ. ಸ್ಪೇನಿನ ಗಣಿಗಳಲ್ಲಿ ರೋಮನ್ನರು ಇಂಥ ತಿರುಪುಗಳನ್ನೂ ಚಕ್ರಗಳನ್ನೂ ಬಳಸಿದರು. ರಿಯೊ ಟಿಂಟೊ ಗಣಿಯಲ್ಲಿ ಸಿಕ್ಕ ಚಕ್ರಗಳು ಜೋಡಿ ಜೋಡಿಯಾಗಿ, ಒಂದರ ಮೇಲೊಂದು ಹಂತವಾಗಿ ನಿಂತಿದ್ದವು. ಒಂದು ಜೋಡಿ ಎತ್ತಿದ ನೀರನ್ನು ಮೇಲಿನ ಜೋಡಿ ಎತ್ತಿಕೊಳ್ಳುತ್ತಿತ್ತು. ಒಂದೇ ನೆಗೆತಕ್ಕೆ ಆಗದ ಎತ್ತರವನ್ನು ಹಂತಗಳಲ್ಲಿ ಸಾಧಿಸುವ ಈ ಉಪಾಯ ಇಂದಿಗೂ ಹಳತಾಗಿಲ್ಲ.

ಹತ್ತು ಮೀಟರಿನ ಗೋಡೆ

ಪಂಪಿನ ಕಥೆ ಬೇರೆ. ಕ್ರಿಸ್ತಪೂರ್ವ 3ನೆಯ ಶತಮಾನದ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ನೀರನ್ನು ಒತ್ತಿ ಮೇಲಕ್ಕೆ ತಳ್ಳುವ ಪಂಪನ್ನು ರಚಿಸಿದನೆಂದು ರೋಮನ್ ಲೇಖಕ ವಿಟ್ರೂವಿಯಸ್ ಬರೆದಿದ್ದಾನೆ. ದಿಯಾರ್‌ಬಕೀರ್‌ನ ಅರಮನೆಯಲ್ಲಿದ್ದ ಯಂತ್ರಜ್ಞ ಅಲ್ ಜಜರಿ 1206ರಲ್ಲಿ ಮುಗಿಸಿದ ಗ್ರಂಥದಲ್ಲಿ ಎರಡು ಉರುಳೆಗಳ ಹೀರುವ ಪಂಪಿನ ವಿವರವಿದೆ. ಮುಂದೆ ಯುರೋಪಿನ ಗಣಿಗಳಲ್ಲಿ ಹೀರುವ ಪಂಪು ಬಳಕೆಗೆ ಬಂತು. ಆದರೆ ಸುಮಾರು ಹತ್ತು ಮೀಟರ್‌ಗಿಂತ ಆಳದ ನೀರನ್ನು ಎಷ್ಟೇ ಎಳೆದರೂ ಅದು ಮೇಲೇರಲೊಲ್ಲದು. ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಈ ಒಗಟನ್ನು ಪ್ರಸ್ತಾಪಿಸಿದ್ದಾನೆ. ಅದನ್ನು ಬಿಡಿಸಿದ್ದು ಅವನ ಶಿಷ್ಯ ಟೊರಿಚೆಲ್ಲಿ. 1640ರ ದಶಕದಲ್ಲಿ ಪಾದರಸ ತುಂಬಿದ ಗಾಜಿನ ನಳಿಗೆಯ ಪ್ರಯೋಗದಿಂದ ಅವನು ತೋರಿಸಿದ್ದಿಷ್ಟು: ಪಂಪು ನೀರನ್ನು ಎಳೆಯುವುದೇ ಇಲ್ಲ, ಹೊರಗಿನ ಗಾಳಿಯ ಒತ್ತಡ ಅದನ್ನು ಮೇಲಕ್ಕೆ ದೂಡುತ್ತದೆ. ಆ ಒತ್ತಡದ ತಾಕತ್ತೇ ಅಷ್ಟು. ನಮ್ಮ ಕೊಳವೆಬಾವಿಗಳಲ್ಲಿ ಮೋಟಾರನ್ನು ಮೇಲಿಡದೆ ನೀರಿನೊಳಕ್ಕೇ ಇಳಿಬಿಡುವುದು ಇದೇ ಕಾರಣಕ್ಕೆ.

ಹಣವೊಂದಿದ್ದರೆ ಯಾವ ಎತ್ತರವೂ ಲೆಕ್ಕಕ್ಕಿಲ್ಲವೆಂದು ತೋರಿಸಲು ಹೊರಟವನು ಫ್ರಾನ್ಸಿನ ದೊರೆ 14ನೆಯ ಲೂಯಿ. ಅರಮನೆಗಳ ಕಾರಂಜಿಗಳಿಗಾಗಿ ಸೇನ್ ನದಿಯ ದಂಡೆಯ ಮಾರ್ಲಿಯಲ್ಲಿ 1684ರ ಹೊತ್ತಿಗೆ 14 ಚಕ್ರಗಳು, 220ಕ್ಕೂ ಹೆಚ್ಚು ಪಂಪುಗಳ ಯಂತ್ರ ಸಿದ್ಧವಾಯಿತು. ಅದು ಮೂರು ಹಂತಗಳಲ್ಲಿ ನೀರನ್ನು ಸುಮಾರು 160 ಮೀಟರ್ ಎತ್ತರಕ್ಕೇರಿಸಿತು. ಅದರ ಸದ್ದು, ರಿಪೇರಿ, ಖರ್ಚು ಮೂರೂ ಮನೆಮಾತಾದವು.

1712ರಲ್ಲಿ ಇಂಗ್ಲೆಂಡಿನ ಡಡ್ಲಿಯ ಬಳಿ ಕಲ್ಲಿದ್ದಲ ಗಣಿಯೊಂದರಲ್ಲಿ ಥಾಮಸ್ ನ್ಯೂಕಾಮನ್‌ನ ಉಗಿಯಂತ್ರ ಕೆಲಸ ಆರಂಭಿಸಿತು. ರೈಲು, ಹಡಗು, ಗಿರಣಿಗಳೆಲ್ಲ ಅನಂತರದ ಮಾತು. ಉಗಿಯಂತ್ರದ ಮೊದಲ ಉದ್ಯೋಗ ಗಣಿಯ ನೀರೆತ್ತುವುದೇ ಆಗಿತ್ತು. ಕೈಗಾರಿಕಾ ಕ್ರಾಂತಿಯ ಬೇರು ಒಂದು ಒದ್ದೆ ಗಣಿಯಲ್ಲಿದೆ ಎಂದರೆ ಅತಿಶಯೋಕ್ತಿಯಾಗದು.

ಹೊಸ ಬ್ಲಾಕಿನ ನ್ಯಾಯ

ಈ ಚರಿತ್ರೆಯನ್ನು ಮುಂದಿಟ್ಟುಕೊಂಡರೆ ಆಟಕ್ಕೆ ಬೇಕಾದ ಬ್ಲಾಕಿನ ರೂಪ ಬಹುಮಟ್ಟಿಗೆ ತಾನಾಗಿ ಮೂಡುತ್ತದೆ. ಆರ್ಕಿಮಿಡೀಸನ ತಿರುಪು ಅದಕ್ಕೆ ತಕ್ಕ ಮಾದರಿ. ಒಂದು ಬ್ಲಾಕ್ ನೀರನ್ನು ಒಂದು ಬ್ಲಾಕ್ ಎತ್ತರ ಮಾತ್ರ ಏರಿಸಲಿ. ಹೆಚ್ಚಿನ ಎತ್ತರ ಬೇಕಾದವರು ರಿಯೊ ಟಿಂಟೊದ ಹಾಗೆ ಹಂತ ಹಂತವಾಗಿ ಜೋಡಿಸಿಕೊಳ್ಳಲಿ. ತಿರುಗಿಸಲು ಏನಾದರೊಂದು ದುಡಿಮೆ ಬೇಕು: ಕೈಯಿಂದಾದರೆ ನಿಧಾನ, ಹರಿವ ನೀರಿನ ಚಕ್ರದಿಂದಾದರೆ ತುಸು ಬೇಗ. ಹೀರುವ ಪಂಪನ್ನೇ ಬಯಸುವುದಾದರೆ ಅದು ಹತ್ತು ಬ್ಲಾಕಿಗಿಂತ ಆಳಕ್ಕೆ ಸೋಲಲಿ. ಎಲ್ಲಕ್ಕೂ ಮುಖ್ಯವಾಗಿ, ಮೇಲೆ ಬಂದಷ್ಟು ನೀರು ಕೆಳಗೆ ಕಡಿಮೆಯಾಗಲಿ.

ಕೊನೆಯ ಈ ಷರತ್ತೇ ಕಠಿಣವಾದುದು. ಎರಡು ಬಕೆಟ್ ನೀರಿನಿಂದ ಅಕ್ಷಯ ಬಾವಿಯಾಗುವ ಜಗತ್ತಿನಲ್ಲಿ ಪಂಪಿಗೆ ಅರ್ಥವೇ ಇಲ್ಲ. ಅದು ಬರಿಯ ಅಲಂಕಾರ. 2022ರ ಕೊನೆಯಲ್ಲಿ ಆಟದ ಕಂಪ್ಯೂಟರ್ ಆವೃತ್ತಿಯೊಂದಕ್ಕೆ, ನೀರು ತಾನಾಗಿ ಮರುಹುಟ್ಟುವ ಈ ಕಟ್ಟಳೆಯನ್ನು ಬೇಕಿದ್ದವರು ತಡೆಹಿಡಿಯುವ ಸೌಲಭ್ಯ ಬಂತು. ಆ ಸೌಲಭ್ಯದ ಜೊತೆಗೂಡಿದಾಗ ಮಾತ್ರ ಹೊಸ ಬ್ಲಾಕಿಗೆ ಬೆಲೆ ಬಂದೀತು.

ಇದಕ್ಕೆ ಆಕ್ಷೇಪಗಳೂ ಇವೆ. ನೀರು ಕದಲಿದಾಗಲೆಲ್ಲ ಸುತ್ತಲಿನ ಬ್ಲಾಕುಗಳ ಲೆಕ್ಕವನ್ನು ಕಂಪ್ಯೂಟರ್ ಮತ್ತೆ ಹಾಕಬೇಕು; ಸದಾ ತಿರುಗುವ ನೂರಾರು ತಿರುಪುಗಳಿದ್ದರೆ ಆಟವೇ ಕುಂಟೀತು. ಚಿಕ್ಕ ಮಕ್ಕಳು ಎರಡು ಬಕೆಟ್ಟಿನಲ್ಲಿ ಹೊಲ ಬೆಳೆಯುವ ಸುಖಕ್ಕೆ ಕಲ್ಲು ಹಾಕಬೇಕೇ ಎಂಬ ಪ್ರಶ್ನೆಯೂ ಉಂಟು. ಎರಡೂ ಸರಿಯಾದ ಮಾತುಗಳೇ. ಹೊಸ ಬ್ಲಾಕನ್ನು ಬೇಕೆಂದವರ ಆಯ್ಕೆಗೆ ಬಿಡುವುದು ಲೇಸು.

ಆದರೂ ಆಟಗಾರರ ಬೇಡಿಕೆಯಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಪುಕ್ಕಟೆ ನೀರು ಕೈಯಲ್ಲೇ ಇರುವಾಗ ಕಷ್ಟದ ನೀರನ್ನು ಅವರು ಕೇಳುತ್ತಿದ್ದಾರೆ. ಪುಕ್ಕಟೆ ನೀರಿನ ಭ್ರಮೆ ಆಟದಲ್ಲಷ್ಟೇ ಇಲ್ಲವೆಂಬುದಕ್ಕೆ ಬೆಂಗಳೂರಿನ ನಲ್ಲಿಯೇ ಉದಾಹರಣೆ. 1974ರಿಂದ ಈ ನಗರಕ್ಕೆ ಕಾವೇರಿ ನೀರು ಬರುತ್ತಿದೆ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಮೂರು ಹಂತಗಳಲ್ಲಿ, ಸುಮಾರು 100 ಕಿಲೋಮೀಟರ್ ದೂರದಿಂದ, ಒಟ್ಟು ಸುಮಾರು 500 ಮೀಟರ್ ಮೇಲೆತ್ತಿ ತಂದ ನೀರು ಅದು. ಮಾರ್ಲಿಯದೂ ಮೂರೇ ಹಂತ, ಎತ್ತರ ಇದರ ಮೂರನೆಯ ಒಂದು ಪಾಲು.

ಆಟದ ಒಂದು ಬ್ಲಾಕಿನಷ್ಟು ನೀರನ್ನು 500 ಮೀಟರ್ ಏರಿಸಲು, ಯಾವ ನಷ್ಟವೂ ಇಲ್ಲವೆಂದುಕೊಂಡರೂ, 1.36 ಯೂನಿಟ್ ವಿದ್ಯುತ್ ಬೇಕು. ಏತದ ಆಳಿಗಾದರೆ ಅದು ಬಿಡುವಿಲ್ಲದ 18 ಗಂಟೆಗಳ ದುಡಿಮೆ. ಮಕ್ಕಳ ಆಟದ ತೆರೆಯ ಮೇಲೆ ಒಂದು ತಿರುಪು ನಿಧಾನವಾಗಿ ತಿರುಗಿ, ಕೆಳಗಿನ ಗುಂಡಿ ಕಣ್ಣೆದುರೇ ಬರಿದಾಗುವುದನ್ನು ತೋರಿಸಿದರೆ, ನಲ್ಲಿಯ ಹಿಂದಿರುವ ಆ ಆಳನ್ನು ಅವರು ಒಮ್ಮೆಯಾದರೂ ನೆನೆದಾರು.